ನಮ್ಮ ಹೊಲದ ಖಮರೋದ್ದೀನ

ನಮ್ಮ ಅಪ್ಪನ ತಾಯಿ, ಆಯಿ ಅನುಸೂಯಾಬಾಯಿಗೆ ಹಲಬರ್ಗಾದಲ್ಲಿ ದೊಡ್ಡ ಹೆಸರಿತ್ತು. ಅದು ಒಳ್ಳೆಯ ಹೆಸರೋ ಕೆಟ್ಟ ಹೆಸರೋ ಎಂಬುದು ಮಾತ್ರ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಜಗಳವಾಡಿದವರು ನ್ಯಾಯಕ್ಕೆಂದು ಅವಳ ಕಟ್ಟೆಗೇ ಬರುತ್ತಿದ್ದರು. ನ್ಯಾಯ ಕೇಳಿಸಿಕೊಂಡ ಮೇಲೆ ಇಬ್ಬರೂ ಒಂದಾಗಿ ಅವಳನ್ನೇ ಬೈಯುತ್ತ ಮನೆಗೆ ಹೋಗುತ್ತಿದ್ದರು. ಗಂಡ ಹಾವಗೆಪ್ಪ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಒಬ್ಬ ಮಗನನ್ನು ಬೆಳೆಸಿ, ರೈಲು ಹಳಿಯ ಆಚೆಗಿನ ಕರಿನೆಲವನ್ನು ಭಾವ ಮೈದುನರ ಬಾಯಿಗೆ ಬೀಳದಂತೆ ಕಾಯ್ದು, ಸೊಸೆಯನ್ನು ತಂದು, ಪೊಲೀಸ್ ಪಾಟೀಲರ ಮುಂದೆ ತಲೆಯ ಮೇಲೆ ಸೆರಗು ಎಳೆದುಕೊಂಡು ಎದುರುತ್ತರ ಕೊಡುವ ಹೆಂಗಸು. ಊರೆಲ್ಲ ಅವಳಿಗೆ ಹೆದರುತ್ತಿತ್ತು. ಅವಳು ಹೆದರಿದ್ದು, ನಾನು ಕೇಳಿದ ಮಟ್ಟಿಗೆ, ಒಂದೇ ಒಂದು ಸಲ.

ಆ ಒಂದು ಸಲದ ಕಥೆಯನ್ನೇ ಈಗ ಬರೆಯುತ್ತಿದ್ದೇನೆ. ಮೊಮ್ಮಗಳೆಂಬ ಹಕ್ಕಿನಿಂದಷ್ಟೇ ಅಲ್ಲ. ಆ ಕಥೆಯೊಳಗೆ ನಾನೂ ಇದ್ದೆ, ನಮ್ಮವ್ವ ಶಿವಕಾಂತಾಳ ಹೊಟ್ಟೆಯಲ್ಲಿ. ಆ ದಿನ ಒಬ್ಬ ಹುಡುಗ ತನ್ನ ಜೀವ ಮೊದಲು ಎಂದುಕೊಂಡಿದ್ದರೆ ನಾನು ಇರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕಣ್ಣು ಬಿಟ್ಟ ಕೂಡಲೇ ನನಗೆ ಮೊದಲು ನೆನಪಾಗುವವನು ಅವನು. ದೇವರು ಅವನ ನಂತರ. ಇದಕ್ಕೆ ದೇವರು ಸಿಟ್ಟಾಗಿಲ್ಲ ಎಂದೇ ತಿಳಿದಿದ್ದೇನೆ. ಸಿಟ್ಟಾಗಿದ್ದರೆ ಈ ಮುಪ್ಪಿನವರೆಗೆ ಬಿಡುತ್ತಿರಲಿಲ್ಲ.

ಅವನ ಹೆಸರು ಖಮರೋದ್ದೀನ. ಹುಟ್ಟಿದ್ದು ಔರಾದದಲ್ಲಿ. ತಂದೆ ಅಲ್ಲಿಯ ತಹಸೀಲ ಕಚೇರಿಯಲ್ಲಿ ಪೇಶಕಾರ, ತಾಯಿ ಖತೀಜಾ ಬೇಗಂ. ಓಣಿಯ ತುಂಬ ನಮ್ಮ ಮಾತಿನ ಮನೆಗಳೇ ಇದ್ದುದರಿಂದ ಆಕೆಗೆ ಉರ್ದುವಿನಷ್ಟೇ ಸಲೀಸಾಗಿ ಕನ್ನಡವೂ ಬರುತ್ತಿತ್ತು. ಅವನ ಬಾಲ್ಯದ ಕಥೆಗಳೆಲ್ಲ ನಮಗೆ ಗೊತ್ತಾದದ್ದು ಬಹಳ ತಡವಾಗಿ, ಆಕೆಯ ಬಾಯಿಂದಲೇ. ಹುಡುಗ ಶುದ್ಧ ಉಡಾಳ. ಮೀಸೆ ಮೂಡುವ ಎಷ್ಟೋ ವರ್ಷ ಮುಂಚೆ ಜೋಳ ಕೇರುವ ಎರಡು ಮೊರಗಳನ್ನು ತೋಳಿಗೆ ಕಟ್ಟಿಕೊಂಡು, ಮಾಳಿಗೆಯ ಮೇಲಿಂದ ಪಕ್ಕದ ಮನೆಯ ಕಣಿಕೆಯ ಬಣವೆಯ ಕಡೆ ಹಾರಿದ. ಬಣವೆಯ ಅಂಚಿಗೆ ತಾಗಿ ಕೆಳಗೆ ಬಿದ್ದ. ಹೆಗಲ ಎಲುಬು ಮುರಿಯಿತು. ಮನೆಯವರೆಲ್ಲ ಅಳುತ್ತಿದ್ದರೆ ಅವನು ಕೇಳಿದ್ದು, "ಅಮ್ಮೀ, ಎಷ್ಟು ದೂರ ಹೋದೆ?" ಎಂದು. ಮೊರಗಳು ಪಕ್ಕದ ಮನೆಯ ಜಿಜಾಬಾಯಿಯವು. ಎಲುಬು ಕೂಡಿಕೊಂಡ ಎಷ್ಟೋ ದಿನಗಳ ಮೇಲೂ ಆಕೆ ಮೊರದ ಮಾತು ಬಿಡಲಿಲ್ಲವಂತೆ.

ತಂದೆ ತೀರಿ, ಬೀದರಿನ ಮನೆತನದ ಖಬರಸ್ತಾನದಲ್ಲಿ ಮಣ್ಣಾದ ಮೇಲೆ ತಾಯಿ ಮಗ ಬೀದರಿನ ಮೈಲೂರಿಗೆ ಬಂದರು. ಅಲ್ಲಿ ತಂದೆಯ ತಮ್ಮ ಶರಫೋದ್ದೀನರ ಮನೆ. ಅವರು ಮಸೀದಿಯಲ್ಲಿ ಮಕ್ಕಳಿಗೆ ಕುರಾನ್ ಓದಿಸುವವರು. ಶಿಸ್ತಿನ ಮನುಷ್ಯ, ನಗುವುದನ್ನು ಹಬ್ಬಕ್ಕೆಂದು ಎತ್ತಿಟ್ಟವರು. ಆದರೂ ಹುಡುಗನನ್ನು ಹೈದರಾಬಾದಿಗೆ ಓದಲು ಕಳಿಸಿದವರು ಅವರೇ. ಅವನು ಅಲ್ಲಿ ಓದಿದ್ದಕ್ಕಿಂತ ಹೆಚ್ಚು ಹೊತ್ತು ವಿಮಾನಗಳ ಬಯಲಿನ ಬೇಲಿಗೆ ಆತುಕೊಂಡು ನಿಂತ. ಬೇಲಿಯ ಒಳಗೆ ಹೋಗುವ ದಾರಿಯನ್ನೂ ಕಂಡುಕೊಂಡ. ದೊಡ್ಡ ಯುದ್ಧ ಶುರುವಾದಾಗ ಫೌಜಿಗೆ ಸೇರಿ, ಒಬ್ಬನೇ ಕೂತು ಒಬ್ಬನೇ ಹಾರಿಸುವ ಯುದ್ಧವಿಮಾನದ ಪೈಲಟ್ ಆದ. ಬರ್ಮಾದ ಕಾಡುಗಳ ಮೇಲೆ ಜಪಾನಿನವರ ಎದುರು ಒಂದು ಮಳೆಗಾಲವೆಲ್ಲ ಹಾರಿದ. ಒಮ್ಮೆ ಹೊಡೆತ ತಿಂದು ಹಿಂದೆ ಬಿದ್ದ ಜೊತೆಗಾರನಿಗಾಗಿ ತಾನು ತಿರುಗಿ ಹೋಗಿ, ಅವನನ್ನು ಮುಂದೆ ಬಿಟ್ಟುಕೊಂಡು ತಾನು ಬೆನ್ನಿಗೆ ನಿಂತು ಮನೆ ಮುಟ್ಟಿಸಿದನಂತೆ. ಆ ಜೊತೆಗಾರ ಮುಂದೆ ಮೈಲೂರಿಗೆ ಬಂದು ಖತೀಜಾ ಬೇಗಂರ ಕಾಲ ಹತ್ತಿರ ಕೂತು ಇದನ್ನು ಹೇಳಿ ಹೋದ. ಮಗ ಮಾತ್ರ ತಾಯಿಗೆ ಹೇಳಿದ್ದು ಬರ್ಮಾದಲ್ಲಿ ಸೊಳ್ಳೆ ಬಹಳ ಎಂದಷ್ಟೇ.

ಬರ್ಮಾಕ್ಕೆ ಹೋಗುವಾಗ ತಾಯಿ ಅವನ ಕೊರಳಿಗೆ ಒಂದು ಬೆಳ್ಳಿ ಡಬ್ಬಿ ಕಟ್ಟಿದ್ದಳು. ಒಳಗೆ ಹೆಬ್ಬೆರಳಿನಷ್ಟು ಚಿಕ್ಕ ಕುರಾನ್. ಬೀದರಿನ ಅಕ್ಕಸಾಲಿಗನಿಂದ ಮೊಟ್ಟೆಯಾಕಾರಕ್ಕೆ ಮಾಡಿಸಿ, ಮಳೆನೀರು ಹೋಗದಿರಲೆಂದು ಬಿಗಿಯಾಗಿ ಮುಚ್ಚಿಸಿ, ಕರಿಯ ದಾರಕ್ಕೆ ಪೋಣಿಸಿದ್ದು. ಅದನ್ನು ಅವನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲ.

ಯುದ್ಧದಿಂದ ಸೊರಗಿ ಬಂದವನನ್ನು ಹೊಸ ಹುಡುಗರಿಗೆ ಹಾರಲು ಕಲಿಸುವ ಕೆಲಸಕ್ಕೆ ಹೈದರಾಬಾದಿಗೆ ಹಾಕಿದರು. ಬೀದರಿನ ಕಡೆ ಬಂದಾಗ ಮೈಲೂರಿನ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹಾಕುತ್ತಿದ್ದ. ಕೋಳಿಗಳೆಲ್ಲ ಕೂಗಾಡುತ್ತಿದ್ದವು. ತಾಯಿ ಮಾಳಿಗೆ ಹತ್ತಿ ಕೈ ಎತ್ತಿ ಬೈಯುತ್ತಿದ್ದಳು. ಬೈಯುವುದಕ್ಕೆಂದೇ ಮಾಳಿಗೆಯ ಮೇಲೆ ಕಾಯುತ್ತಿದ್ದಳು.

ಆ ದಿನವೂ ಆಕೆ ಅಲ್ಲೇ ಇದ್ದಳು. ವಿಮಾನ ಬರಲಿಲ್ಲ.

ಬಿಳಿಜೋಳದ ರಾಶಿಯ ಕಾಲ. ನಮ್ಮ ಹೊಲದ ಕಣದಲ್ಲಿ ಆಯಿ, ಎಂಟು ತಿಂಗಳ ಬಸುರಿ ಅವ್ವ, ಹೊಲದ ಕೆಲಸಕ್ಕಿದ್ದ ಮಡೆಪ್ಪ, ಕೂಲಿಗೆ ಬಂದ ಹೆಂಗಸರು. ಬುತ್ತಿ ಬಿಚ್ಚುವ ಹೊತ್ತು. ಹೊತ್ತು ಮುಳುಗುವ ದಿಕ್ಕಿನಿಂದ ಅವನ ವಿಮಾನ ಬಂತು, ಒಳಗೆ ಅವನೊಬ್ಬನೇ. ಸದ್ದು ಬಿಕ್ಕಿ ಬಿಕ್ಕಿ ಬರುತ್ತಿತ್ತು, ಆಮೇಲೆ ಸದ್ದೇ ಇಲ್ಲ. ಸುತ್ತ ಒಡ್ಡುಗಳು, ಬಾವಿ, ಜಾಲಿಯ ಮರಗಳು. ಇಳಿಸಲು ಸಮವಾದ ನೆಲವೆಂದರೆ ನಮ್ಮ ಕಣ ಮತ್ತು ಅದರ ಮುಂದಿನ ಕೊಯ್ದ ಹೊಲ, ಅಷ್ಟೇ. ಅವನು ಅದಕ್ಕೇ ಗುರಿ ಹಿಡಿದು ಇಳಿಯುತ್ತಿದ್ದ. ಗಾಜು ಸರಿಸಿ ಕೈ ಹೊರಗೆ ಹಾಕಿ ಜೋರಾಗಿ ಬೀಸಿದ. ಸರಿಯಿರಿ, ಸರಿಯಿರಿ ಎಂದು. ನಮ್ಮ ಮಂದಿಗೆ ಏನು ಗೊತ್ತು? ಆಕಾಶದಲ್ಲಿ ಹೋಗುವ ದೊಡ್ಡ ಮನುಷ್ಯ ನಮಗೆ ಸಲಾಮು ಮಾಡುತ್ತಿದ್ದಾನೆಂದು ಖುಷಿಯಾಯಿತು. ಮಡೆಪ್ಪ ರುಮಾಲು ಬಿಚ್ಚಿ ಬೀಸಿದ. ಕೂಲಿ ಹೆಂಗಸರು ನಕ್ಕು ಕೈ ಎತ್ತಿದರು. ಅವ್ವ ಭಾರದ ಹೊಟ್ಟೆ ಹೊತ್ತು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಬಗ್ಗಿ ನಮಸ್ಕಾರ ಮಾಡಿದಳು. ಯಾರೂ ಒಂದು ಹೆಜ್ಜೆ ಕದಲಲಿಲ್ಲ.

"ಮುಖಾ ಕಂಡಿತ್ತು ನನಗ," ಎನ್ನುತ್ತಿದ್ದಳು ಆಯಿ. "ಅಷ್ಟು ಸಮೀಪ ಬಂದಿದ್ದ. ನಿನ್ನವ್ವನ ಕಡಿ ನೋಡ್ದ. ನೋಡಿ ಗಾಡಿ ಹೊಳ್ಳಿಸಿಬಿಟ್ಟ."

ವಿಮಾನ ಮಗ್ಗುಲಾಗಿ ಒಡ್ಡಿನ ಮೇಲಿನ ಜಾಲಿಯ ಮರಗಳಿಗೆ ಬಡಿಯಿತು. ಬೆಂಕಿ ಎದ್ದಿತು. ಮೊದಲು ಓಡಿದವನು ಮಡೆಪ್ಪ. ಅವನ ಎರಡೂ ಕೈ ಸುಟ್ಟು ಚರ್ಮ ಜೋತುಬಿತ್ತು, ಆದರೂ ಎಳೆದು ತಂದ. ತರುವಷ್ಟರಲ್ಲಿ ಜೀವ ಹೋಗಿತ್ತು. ಮೈಮೇಲಿನ ಬಟ್ಟೆ ಸುಟ್ಟು ಮೈಗೇ ಅಂಟಿತ್ತು. ಮುಖ ಮಾತ್ರ ಹಾಗೆಯೇ ಇತ್ತು, ನಮ್ಮ ಮನೆಯ ಹುಡುಗರ ಹಾಗೆ, ಕಂದು ಬಣ್ಣದ, ಎಳೆಯ ಮುಖ. ಆಯಿ ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಪೊಲೀಸ್ ಪಾಟೀಲ ಬಸವಣ್ಣೆಪ್ಪ ಓಡಿಬಂದ. ಸ್ಟೇಷನ್ನಿನಿಂದ ಭಾಲ್ಕಿಗೆ, ಭಾಲ್ಕಿಯಿಂದ ಬೀದರಿಗೆ ತಾರು ಹೋಯಿತು. ಬೆಳಿಗ್ಗೆ ಬರುತ್ತೇವೆ ಎಂದು ಜವಾಬು ಬಂತು.

"ಮುಟ್ಟಬ್ಯಾಡ್ರಿ ಬಾಯಿ," ಎಂದ ಪಾಟೀಲ. "ಫೌಜಿನ ಮನಷಾ. ಸಾಹೇಬ್ರು ಬಂದು ನೋಡ್ಲಿ."

"ಸಾಹೇಬ್ರು ನಾಳಿ ಬರ್ತಾರ. ನರಿ ಇವತ್ತೇ ಬರ್ತಾವ. ಯಾರಿಗಿ ಕಾಯೋಣು, ನೀವೇ ಹೇಳ್ರಿ."

"ಯಾವ ಪೈಕಿ ಮನಷಾ ಏನೋ. ಗೊತ್ತಿಲ್ಲದ ಹ್ಯಾಂಗ ಮಣ್ಣ ಕೊಡ್ತೀರಿ?"

ಕೊರಳ ಹತ್ತಿರ ಮಾತ್ರ ಸುಡದೆ ಉಳಿದಿದ್ದ ಅಂಗಿಯ ಪಟ್ಟಿಯನ್ನು ಆಯಿ ಸರಿಸಿದಳು. ಎದೆಯ ಮೇಲೆ ಕರಿಯ ದಾರ, ದಾರದಲ್ಲಿ ಮೊಟ್ಟೆಯಾಕಾರದ ಬೆಳ್ಳಿ ಡಬ್ಬಿ.

"ನೋಡ್ರಿ. ಎದಿ ಮ್ಯಾಲ ಕರಡಿಗಿ ಅದ. ನಮ್ಮಾಂವ."

ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುವವರು ನಾವು. ಬೆಳ್ಳಿ ಡಬ್ಬಿ ಕಂಡರೆ ನಮ್ಮ ಕಣ್ಣಿಗೆ ಬೇರೆ ಏನು ಕಾಣಬೇಕು? ಒಬ್ಬರ ಕರಡಿಗೆಯನ್ನು ಇನ್ನೊಬ್ಬರು ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಗಂಡನದನ್ನು ಹೆಂಡತಿ ಸಹ ಮುಟ್ಟುವುದಿಲ್ಲ. ಊರಿನ ಅಯ್ಯನವರು ಬಂದು, ಲಿಂಗ ತೆಗೆದು ಅಂಗೈಯಲ್ಲಿ ಇಡಬೇಕೆಂದು ಮುಚ್ಚಳಕ್ಕೆ ಕೈ ಹಾಕಿದರು. ಬೆಂಕಿಯ ಕಾವಿಗೋ ಏನೋ, ಅದು ಜಪ್ಪಯ್ಯ ಅನ್ನಲಿಲ್ಲ. ಕುಡುಗೋಲಿನ ತುದಿಯಿಂದ ಮೀಟೋಣ ಎಂದರು. ಆಯಿ ಅವರ ಕೈ ತಡೆದಳು.

"ಬ್ಯಾಡ್ರಿ ಅಪ್ಪಾರೆ. ಅವನವ್ವ ಕಟ್ಟಿದ್ದದ. ಆಕಿ ಹ್ಯಾಂಗ ಕಟ್ಯಾಳ ಹಾಂಗೇ ಹೋಗ್ಲಿ."

ಬಟ್ಟೆ ಬಿಚ್ಚಿ ಮೈ ತೊಳೆಯುವ ಹಾಗೆ ಇರಲಿಲ್ಲ. ಮುಖ, ಕೈ, ಕಾಲು ತೊಳೆದರು. ಹೊತ್ತು ಮುಳುಗುವ ಮುಂಚೆ ಕಣದ ಪಕ್ಕದಲ್ಲೇ ಕುಣಿ ತೋಡಿ, ನಮ್ಮವರನ್ನು ಕೂರಿಸುವಂತೆ ಪದ್ಮಾಸನ ಹಾಕಿ, ಮೂಡಣಕ್ಕೆ ಮುಖ ಮಾಡಿ ಕೂರಿಸಿದರು. ಹಣೆಗೆ ವಿಭೂತಿ, ಮೈಮೇಲೆ ಬಿಲ್ವಪತ್ರೆ, ಎಡಗೈಯಲ್ಲಿ ಆ ಡಬ್ಬಿ. ಮೇಲೆ ಗುಂಡಗೆ ಮಣ್ಣು ಮುಚ್ಚಿದರು. ಗಾಳಿಯಲ್ಲಿ ಹಾರುವ ನಮ್ಮ ಹುಡುಗನೊಬ್ಬ ಇದ್ದನಲ್ಲ ಎಂದು ಊರಿಗೆ ದುಃಖದಲ್ಲೂ ಹೆಮ್ಮೆಯಾಗಿತ್ತಂತೆ.

ಬೆಳಿಗ್ಗೆ ಫೌಜಿನವರು ಬಂದು ವಿಮಾನದ ಮೇಲಿನ ನಂಬರು ನೋಡಿ ಹೆಸರು ಹೇಳಿದರು. ಬಸವಣ್ಣೆಪ್ಪನ ಮುಖ ಹಿಟ್ಟಿನಂತೆ ಬೆಳ್ಳಗಾಯಿತು. "ಮಣ್ಣು ಕೊಟ್ಟಿದ್ದೇವೆ ಹುಜೂರ್," ಎಂದಷ್ಟೇ ಹೇಳಿದ. ತಾಯಿಯನ್ನು ಕರೆತರುತ್ತೇವೆ ಎಂದು ಅವರು ಹೋದರು. ಅವರು ಅತ್ತ ಹೋದದ್ದೇ ತಡ, ಪಾಟೀಲ ಇತ್ತ ಇಬ್ಬರು ಆಳುಗಳನ್ನು ಕರೆಸಿ ಪತ್ರೆ ವಿಭೂತಿ ಎಲ್ಲ ಗುಡಿಸಿಸಿದ. ಗುಂಡಗಿದ್ದ ಗುಡ್ಡೆಯನ್ನು ಬಡಗಣಕ್ಕೂ ತೆಂಕಣಕ್ಕೂ ಎಳೆಸಿ, ಮುಸಲ್ಮಾನರ ಗೋರಿಯ ಹಾಗೆ ಉದ್ದ ಮಾಡಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಯಾರೂ ಕೇಳುವ ಮೊದಲೇ.

"ಬಾಯಿ ಮುಚ್ಕೊಂಡಿರ್ರಿ ಅನುಸೂಯಾಬಾಯಿ," ಎಂದ. "ಗೊತ್ತಾದ್ರ ತೋಡಿ ಒಯ್ತಾರ. ಊರಿಗೂ ತ್ರಾಸು, ಆ ತಾಯಿಗೂ ತ್ರಾಸು."

ಆಯಿ ಬಾಯಿ ಮುಚ್ಚಿಕೊಂಡಳು. ಊರಿನವರು ಅಂಥದ್ದನ್ನು ಅದೇ ಮೊದಲು ನೋಡಿದ್ದು. ಅವಳಿಗೂ ಆ ಹುಡುಗ ಅಲ್ಲೇ ಇರಬೇಕಿತ್ತು. ಸೊಸೆ, ಹೊಟ್ಟೆಯೊಳಗಿನ ಕೂಸು, ಕಣದ ಮಂದಿ, ಎಲ್ಲರೂ ಅವನು ಕೊಟ್ಟವರು. ಇನ್ನು ಅವನಿಗೆ ಕೊಡಲು ತನ್ನ ಹತ್ತಿರ ಇದ್ದದ್ದು ಆ ತುಂಡು ನೆಲ. ಅದನ್ನೂ ಅವನು ಬಿಟ್ಟು ಹೋದರೆ ತಾನು ಯಾವ ಕಡೆ ಮುಖ ಮಾಡಿ ಕೈ ಮುಗಿಯಬೇಕು?

ಖತೀಜಾ ಬೇಗಂ ಶರಫೋದ್ದೀನರ ಜೊತೆ ರೈಲಿನಲ್ಲಿ ಬಂದಿಳಿದಳು. ಬುರ್ಖಾದ ಮುಸುಕು ಎತ್ತಿ ಗುಡ್ಡೆಯನ್ನು ನೋಡಿದಳು. ಕೂತಳು. ಅತ್ತಳು. ಕಣದಲ್ಲಿ ಎದ್ದು ನಿಂತು ನಮಸ್ಕಾರ ಮಾಡಿದ ಬಸುರಿಯನ್ನು ನೋಡಿ ಅವನು ವಿಮಾನ ತಿರುಗಿಸಿದ್ದನ್ನು ಆಯಿ ಆಕೆಗೆ ಹೇಳಿದಳು. ಬೀದರಿಗೆ ಒಯ್ದು ತಂದೆಯ ಹತ್ತಿರ ಮಲಗಿಸೋಣವೆಂದು ಬಂದಿದ್ದರಂತೆ. ಶರಫೋದ್ದೀನರು ಗೋರಿಯ ಉದ್ದ, ದಿಕ್ಕು ಎಲ್ಲ ನೋಡಿ, "ಸರಿಯಾಗಿ ದಫನ್ ಮಾಡಿದ್ದಾರೆ. ಕೊಟ್ಟ ಮಣ್ಣನ್ನು ತೆಗೆಯುವುದು ಬೇಡ," ಎಂದರು. ಆಗ ಖತೀಜಾ ಬೇಗಂ ಎದ್ದು ಬಂದು ಆಯಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ನನ್ನ ಮಗಗ ನೀವು ಮಣ್ಣ ಕೊಟ್ರಿ. ಎಷ್ಟು ತಾಯಂದ್ರಿಗಿ ಬರ್ಮಾದಾಗ ಮಗ ಎಲ್ಲಿ ಬಿದ್ದ ಅಂತ ಸುದ್ದಾ ಗೊತ್ತಿಲ್ಲ. ನಿಮ್ಮ ಉಪಕಾರ ಸಾಯೋತನಕ ಮರಿಯಂಗಿಲ್ಲ ಬಾಯಿ."

ಪಾಟೀಲ ಬೀಸುವ ದೊಣ್ಣೆ ತಪ್ಪಿತೆಂದು ಉಸಿರು ಬಿಟ್ಟ. ಆಯಿಗೆ ಮಾತ್ರ ಆ ಸಲಾಮು ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಆ ತಾಯಿ ಕಣ್ಣಿಗೆ ಒತ್ತಿಕೊಂಡ ಕೈಯಿಂದ ಹಿಟ್ಟು ನಾದಲು ಮನಸ್ಸು ಬಾರದೆ ರೊಟ್ಟಿಯ ಕೆಲಸವನ್ನು ಸೊಸೆಗೆ ಬಿಟ್ಟಳಂತೆ. ರಾಶಿ ಮುಗಿಯಿತು, ಜೋಳ ಮನೆಗೆ ಬಂತು. ಒಂದು ಬೆಳಿಗ್ಗೆ ಮಡೆಪ್ಪನನ್ನು ಕರೆದು, "ನಡಿ, ಬೀದರಿಗಿ ಹೋಗಾಮಿ," ಎಂದಳು. ಅವನ ಕೈಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಪಾಟೀಲನಿಗೆ ಹೇಳಲಿಲ್ಲ.

ಮೈಲೂರಿನ ಮನೆಯಲ್ಲಿ ಖತೀಜಾ ಬೇಗಂ ತಾನೇ ಚಾಪೆ ಹಾಸಿದಳು. ನಮ್ಮ ಮನೆಯ ನೀರು ನಿಮ್ಮವರಿಗೆ ನಡೆಯುತ್ತದೋ ಇಲ್ಲವೋ ಎಂದು ಕೇಳಿ, ಪಕ್ಕದ ಮನೆಯ ಗಿರಿಜಾಬಾಯಿಯಿಂದ ಹೊಸ ತಂಬಿಗೆಯಲ್ಲಿ ನೀರು ತರಿಸಿದಳು. ಆಯಿ ನೀರು ಮುಟ್ಟಲಿಲ್ಲ.

"ಬೇಗಂಸಾಬ್, ಆವತ್ತು ನೀವು ಮಾಡಿದ ಸಲಾಮು ನಂದಲ್ರಿ. ಸುಳ್ಳು ಹೇಳಿ ತಗೊಂಡೀನಿ. ಹೊಳ್ಳಿ ಕೊಡ್ಲಕ್ಕ ಬಂದೀನಿ."

ಖತೀಜಾ ಬೇಗಂಗೆ ಅರ್ಥವಾಗಲಿಲ್ಲ. ಶರಫೋದ್ದೀನರು ಓದುತ್ತಿದ್ದುದನ್ನು ಬದಿಗಿಟ್ಟರು.

"ನಿಮ್ಮ ಮಗಗ ನಾವು ಮಲಗಿಸಿಲ್ರಿ. ಕೂಡ್ಸೀವಿ. ನಮ್ಮ ಮಂದಿಗಿ ಕೂಡಸ್ದಂಗ. ಹಣಿಗಿ ಇಬತ್ತಿ ಹಚ್ಚೀವಿ, ಪತ್ರಿ ಹಾಕೀವಿ. ಮುಖಾ ಮೂಡಣಕ್ಕ ಅದ. ನೀವು ನೋಡಿದ ಉದ್ದನ ಗುಡ್ಡಿ ಆಮ್ಯಾಲ ಮಾಡಿಸಿದ್ದು. ನಮ್ಮಾಂವ ಅಂತ ತಿಳ್ದೇ ಮಾಡೀವ್ರಿ. ತಪ್ಪಾಗ್ಯಾದ."

ಶರಫೋದ್ದೀನರು ಎದ್ದು ನಿಂತರು. "ಪೂರಬ್ ಕಡಿ ಮುಖಾ? ಕಿಬ್ಲಾಕ್ಕ ಬೆನ್ನು ಮಾಡಿ?" ಕಿಬ್ಲಾ ಎಂದರೆ ಅವರು ಪ್ರಾರ್ಥನೆಗೆ ಮುಖ ಮಾಡುವ ಮಕ್ಕಾದ ದಿಕ್ಕು, ನಮಗೆ ಪಡುವಣ. "ಭಾಬೀ, ತೆಗೀಬೇಕು. ತೆಗೆದು ಇಲ್ಲಿ ತಂದು ಸರಿಯಾಗಿ ಮಲಗಿಸಬೇಕು. ಅವನಪ್ಪಗ ನಾ ಏನು ಜವಾಬು ಕೊಡ್ಲಿ?"

ಅವರನ್ನು ನಾನು ತಪ್ಪು ಎನ್ನುವುದಿಲ್ಲ. ನಮ್ಮವನೊಬ್ಬನನ್ನು ಯಾರಾದರೂ ಸುಟ್ಟಿದ್ದರೆ ನಮ್ಮ ಬಸವಣ್ಣೆಪ್ಪ ಕುಣಿದಾಡುತ್ತಿದ್ದ. ಖತೀಜಾ ಬೇಗಂ ಮಾತ್ರ ಮೈದುನನ ಕಡೆ ನೋಡಲಿಲ್ಲ.

"ಅವನ ಕೊರಳಾಗ ಬೆಳ್ಳಿ ಡಬ್ಬಿ ಇತ್ತು. ಅದೇನಾತು?"

"ಅದಕ್ಕೇ ಮೋಸ ಹೋದೇವ್ರಿ. ನಮ್ಮ ಕರಡಿಗಿ ಅಂತ ತಿಳ್ದೇವಿ. ಎಡಗೈಯಾಗ ಇಟ್ಟು, ಎದಿಗಿ ಹಚ್ಚಿ ಕೂಡ್ಸೀವಿ."

"ತೆಗೆದು ನೋಡಿದ್ರಿ?"

"ಇಲ್ರಿ. ಅಯ್ಯನೋರು ಮೀಟ್ತೀನಂದ್ರು. ನಾನೇ ಬ್ಯಾಡಂದೆ. ತಾಯಿ ಕಟ್ಟಿದ್ದು ಯಾರು ಬಿಚ್ಚಬೇಕ್ರಿ?"

ಖತೀಜಾ ಬೇಗಂ ಡಬ್ಬಿಯೊಳಗೆ ಇದ್ದದ್ದು ಕುರಾನ್ ಎಂದು ಹೇಳಿದಳು. "ಪಾಕ್ ಕಲಾಮು ಅದು. ಬೆಂಕ್ಯಾಗ ಬಿತ್ತೋ, ಯಾರ ಕಾಲಾಗ ಬಿತ್ತೋ ಅಂತ ನನಗ ನಿದ್ದಿಲ್ಲ. ಕೇಳ್ಲಕ್ಕ ಸುದ್ದಾ ಅಂಜಿಕಿ ಇತ್ತು." ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಹೋಗ್ರಿ ಬಾಯಿ. ಚಾಲೀಸ್ವಾಂ ದಿನ ನಾವು ಹೊಲಕ್ಕ ಬರ್ತೇವಿ. ಏನು ಮಾಡೋದು ಅಂತ ಆವತ್ತು ಹೇಳ್ತೇನಿ."

ಚಾಲೀಸ್ವಾಂ ಎಂದರೆ ಸತ್ತ ನಲವತ್ತನೆಯ ದಿನದ ಪ್ರಾರ್ಥನೆ. ಅಲ್ಲಿಯವರೆಗಿನ ದಿನಗಳಲ್ಲಿ ಆಯಿ ಹೆದರಿದಳು. ತನ್ನ ಬಾಯಿಂದಲೇ ಅವನನ್ನು ಕಳೆದುಕೊಂಡೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಪಾಟೀಲ ದಿನಾ ಬಂದು, "ಹೇಳಿದ್ದೆ ನಾ, ಹೇಳಿದ್ದೆ ನಾ," ಎಂದು ಹೇಳಿ ಹೋಗುತ್ತಿದ್ದ. ಮೊದಲಾದರೆ ಅವನ ಏಳು ತಲೆಮಾರು ಬಿಡಿಸಿ ಇಡುತ್ತಿದ್ದವಳು ಈಗ ಕತ್ತು ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಸಂಜೆಗೆ ಹೊಲಕ್ಕೆ ಹೋಗಿ ಗುಡ್ಡೆಯ ಹತ್ತಿರ ಕೂತು ಅವನಿಗೆ, "ತಪ್ಪು ಮಾಡ್ದೆನೇನೋ ಅಪ್ಪಾ," ಎನ್ನುತ್ತಿದ್ದಳಂತೆ. ಅವ್ವ ದೂರದಿಂದ ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಳು.

ಆ ದಿನ ಬಂತು. ಖತೀಜಾ ಬೇಗಂ, ಶರಫೋದ್ದೀನರು, ಅವರ ಹಿಂದೆ ಗುದ್ದಲಿ ಸಲಿಕೆ ಹೊತ್ತ ಇಬ್ಬರು ಆಳುಗಳು. ಗುದ್ದಲಿ ಕಂಡದ್ದೇ ಆಯಿ ಗುಡ್ಡೆಯ ಮುಂದೆ ಬಂದು ನಿಂತಳು. ಊರೆಲ್ಲ ಒಡ್ಡಿನ ಮೇಲೆ ನಿಂತಿತ್ತು, ಪಾಟೀಲ ಎಲ್ಲರ ಹಿಂದೆ. ಅವ್ವನಿಗೆ ದಿನ ತುಂಬಿತ್ತು, ಇವತ್ತೋ ನಾಳೆಯೋ ಎನ್ನುವ ಹಾಗೆ. ಬೇಡವೆಂದರೂ ಬಂದು ಗುಡಿಸಿದ ಕಣದಲ್ಲಿ ನೆಲಕ್ಕೆ ಕೈಯೂರಿ ಕೂತಿದ್ದಳು.

"ಬಾಯಿ," ಎಂದಳು ಖತೀಜಾ ಬೇಗಂ, "ಅವ ಎಲ್ಲಿ ಕೂತಾನ, ಸರಿಯಾಗಿ ತೋರಸ್ರಿ."

ಆಯಿ ತೋರಿಸಿದಳು. ಆಕೆ ಆ ಜಾಗದ ಪಕ್ಕದಲ್ಲಿ, ಗುಡ್ಡೆಗೆ ಭುಜ ತಾಗುವಷ್ಟು ಹತ್ತಿರ, ನೆಲದ ಮೇಲೆ ಕೂತಳು. ಮುಸುಕು ಹಿಂದಕ್ಕೆ ಹಾಕಿದಳು. ಮೂಡಣಕ್ಕೆ ಮುಖ ಮಾಡಿದಳು.

"ಹಿಂಗೇನು?"

"ಹಿಂಗೇ ರಿ."

ಆಕೆ ಹಾಗೆಯೇ ನೋಡುತ್ತ ಕೂತಳು. ಎದುರಿಗೆ ಕಣ. ಕಣದ ನಡುವೆ ನಮ್ಮವ್ವ.

"ಆವತ್ತು ಎದ್ದು ನಿಂತು ನಮಸ್ಕಾರ ಮಾಡಿದಾಕಿ ಇಕೀನೇ ಏನು?"

ಆಯಿ ಹೌದೆಂದು ತಲೆಯಾಡಿಸಿದಳು.

ಶರಫೋದ್ದೀನರು ಸಲಿಕೆ ಹೊತ್ತವರಿಗೆ ಕೈಸನ್ನೆ ಮಾಡಿದರು. ಖತೀಜಾ ಬೇಗಂ ಕೂತಲ್ಲಿಂದಲೇ ಮೈದುನನಿಗೆ ಹೇಳಿದಳು: "ಇಲ್ಲಿ ಬಂದು ಕೂತು ನೋಡ್ರಿ ಭೈಯಾ. ನಾ ದಿನಾ ಐದು ಹೊತ್ತು ಕಿಬ್ಲಾಕ್ಕ ಮುಖಾ ಮಾಡಿ ಅವನ ಸಲುವಾಗಿ ದುವಾ ಕೇಳ್ತೇನಿ, ನೀವೂ ಕೇಳ್ರಿ. ಅವ ಕಡೀಕ ಯಾರನ್ನ ನೋಡಿ ಗಾಡಿ ಹೊಳ್ಳಿಸ್ದ, ಅವ್ರನ್ನೇ ನೋಡ್ಕೋತ ಕೂತಾನ. ಎದಿ ಮ್ಯಾಲ ಕಲಾಮು ಅದ. ನನ್ನ ಮಗನ ಮುಖಾ ಸರಿ ಅದ. ತಿರುಗಸ್ಬ್ಯಾಡ್ರಿ."

ಶರಫೋದ್ದೀನರು ಕೂರಲಿಲ್ಲ. ನಿಂತಲ್ಲೇ ಗಡ್ಡ ಹಿಡಿದುಕೊಂಡು ಕಣದ ಕಡೆ ನೋಡಿದರು, ಅವ್ವನ ಕಡೆ ನೋಡಿದರು, ಬಟ್ಟೆ ಸುತ್ತಿದ ಮಡೆಪ್ಪನ ಕೈಗಳ ಕಡೆ ನೋಡಿದರು. ಶಿಸ್ತಿನ ಮನುಷ್ಯನ ಕಣ್ಣಿನಿಂದ ನೀರು ಗಡ್ಡಕ್ಕಿಳಿಯಿತು. "ಅಲ್ಲಾಹ್ ಎಲ್ಲಾ ಕಡಿ ನೋಡ್ತಾನ," ಎಂದರು ಮೆಲ್ಲಗೆ.

"ಹಾಂಗಾರ ಈ ಗುದ್ದಲಿ ಸಲಿಕಿ ಯಾಕ್ರಿ?" ಎಂದು ಆಯಿ ಕೇಳಿಯೇಬಿಟ್ಟಳು.

ಖತೀಜಾ ಬೇಗಂ ಪಾಟೀಲ ಮಾಡಿಸಿದ ಉದ್ದನೆಯ ಗುಡ್ಡೆಯ ಮೇಲೆ ಕೈಯಾಡಿಸಿದಳು.

"ಇದನ್ನ ಗುಂಡಗ ಮಾಡ್ಬೇಕಲ್ಲ. ನನ್ನ ಮಗ ಕೂತಾನ. ಕೂತವನ ಮ್ಯಾಲ ಮಲಗಿದವನ ಗುಡ್ಡಿ ಯಾಕ?"

ಆಳುಗಳು ಮುಂದೆ ಬರುವ ಮೊದಲೇ ಸಲಿಕೆ ತೆಗೆದುಕೊಂಡವರು ಶರಫೋದ್ದೀನರು. ತುದಿಯ ಮಣ್ಣನ್ನು ನಡುವಿಗೆ ಎಳೆದರು. ಇಬ್ಬರು ಹೆಂಗಸರು ಎದುರುಬದುರು ಕೂತು, ಮಣ್ಣು ಬಡಿದು ಬಡಿದು ಗುಂಡಗೆ ಮಾಡಿದರು. ಬಸವಣ್ಣೆಪ್ಪ ಹಿಂದಿನಿಂದ ಬಂದು, ಯಾರ ಮುಖವನ್ನೂ ನೋಡದೆ, ಬಾವಿಯಿಂದ ಕೊಡ ತುಂಬಿ ತಂದು ನೀರು ಚಿಮುಕಿಸಿದ. ಶರಫೋದ್ದೀನರು ಕೈ ಎತ್ತಿ ಫಾತೆಹಾ ಓದಿದರು. ನಮ್ಮ ಮಂದಿಗೆ ಆ ಮಾತು ತಿಳಿಯದಿದ್ದರೂ ಎಲ್ಲರೂ ಕೈ ಜೋಡಿಸಿ ನಿಂತರು. ಓದಿ ಮುಗಿದ ಮೇಲೆ ಖತೀಜಾ ಬೇಗಂ ಆಯಿಯ ಕೈಗಳನ್ನು ಮತ್ತೆ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಸಲಾಮನ್ನು ಆಯಿ ಹೊಳ್ಳಿ ಕೊಡಲಿಲ್ಲ.

ಅದೇ ವಾರ ನಾನು ಹುಟ್ಟಿದೆ. ಮರುವರ್ಷದ ರಾಶಿಗೆ ಖತೀಜಾ ಬೇಗಂ ಬಂದಾಗ, ನನ್ನ ಒಂದು ಕೈ ಆಯಿ, ಇನ್ನೊಂದು ಕೈ ಆಕೆ ಹಿಡಿದುಕೊಂಡಿದ್ದರಂತೆ. ಆ ಕಣದಲ್ಲಿ, ಅವನ ಮುಖದ ಎದುರಿಗೇ, ನಾನು ನಡೆಯಲು ಕಲಿತೆ.